ಮೂರು ಸ್ಟಾರ್ ತುಂಬಿದ ತಂಡಕ್ಕೆ ನಮ್ಮ ಆಟಗಾರ

ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಅಬುಧಾಬಿಯ ಕ್ಲಬ್ಬಿನ ಕಚೇರಿಯಲ್ಲಿ ನಮ್ಮ ಆಟಗಾರ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ. ಅಲ್ಲಿನ ಒಪ್ಪಂದದಲ್ಲಿ ಇನ್ನೂ ಒಂದು ವರ್ಷ ಬಾಕಿಯಿತ್ತು. ಅದನ್ನು ಬಿಟ್ಟುಕೊಟ್ಟು ಅಮೆರಿಕದ ಫುಟ್‌ಬಾಲ್ ತಂಡವೊಂದನ್ನು ಸೇರುವವನಿದ್ದ. ಪೆನ್ನು ಕೈಗೆತ್ತಿಕೊಂಡವನು ನನ್ನತ್ತ ತಿರುಗಿ, "ಅಲ್ಲಿ ಎಲ್ಲ ಪಕ್ಕಾ ತಾನೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ. "ಪಕ್ಕಾ" ಎಂದೆ. ಅದೇ ಸಂಜೆ ಆರು ಗಂಟೆಗೆ ಅಮೆರಿಕದ ಕ್ಲಬ್ಬಿನಿಂದ ಮೇಲ್ ಬಂತು. ಅವನ ಒಪ್ಪಂದವನ್ನು ಲೀಗ್ ತಿರಸ್ಕರಿಸಿತ್ತು.

ನಾನು ದುಬೈಯಲ್ಲಿ ಆಟಗಾರರ ಏಜೆನ್ಸಿಯೊಂದರಲ್ಲಿ ಒಪ್ಪಂದಗಳ ಕಾಗದಪತ್ರ ನೋಡಿಕೊಳ್ಳುವವಳು. ಏಜೆನ್ಸಿ ಎಂದರೆ ದೊಡ್ಡದಾಗಿ ಏನೂ ಕಲ್ಪಿಸಿಕೊಳ್ಳಬೇಡಿ. ದೇರಾದ ಹಳೆಯ ಕಟ್ಟಡದಲ್ಲಿ ಎರಡು ಕೋಣೆ. ಒಂದರಲ್ಲಿ ನಮ್ಮ ಯಜಮಾನರು, ಇನ್ನೊಂದರಲ್ಲಿ ನಾನು ಮತ್ತು ಪ್ರಿಂಟರ್. ಯಜಮಾನರು ಮಂಗಳೂರು ಕಡೆಯ ಬ್ಯಾರಿಗಳು, ಫುಟ್‌ಬಾಲ್ ಎಂದರೆ ಊಟ ನಿದ್ದೆ ಮರೆಯುವವರು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, "ಮೈಸೂರು ಮೇಡಂ" ಎನ್ನುತ್ತಾರೆ. ನನ್ನ ಶಿಸ್ತನ್ನು ಹೊಗಳುವಾಗಲೂ ಅದೇ ಹೆಸರು, ಗೇಲಿ ಮಾಡುವಾಗಲೂ ಅದೇ.

ಆ ಮೇಲ್ ಅನ್ನು ಎರಡು ಸಲ ಓದಿದೆ. ಆಟಗಾರನಿಗೆ ಮೂವತ್ತೆರಡು. ಅವನ ಹಳೆಯ ಕ್ಲಬ್ ಬೆಳಗ್ಗೆಯೇ ಅವನ ಜಾಗಕ್ಕೆ ಬೇರೊಬ್ಬನ ಹೆಸರು ಪ್ರಕಟಿಸಿಬಿಟ್ಟಿತ್ತು. ಇಲ್ಲಿನ ಉಳಿದ ಕ್ಲಬ್ಬುಗಳಲ್ಲಿ ವಿದೇಶಿಯರ ಸ್ಥಾನ ಭರ್ತಿ. ಅಮೆರಿಕದಲ್ಲಿ ಆಟಗಾರರನ್ನು ಸೇರಿಸಿಕೊಳ್ಳುವ ಅವಧಿ ಅವರ ಶುಕ್ರವಾರದ ರಾತ್ರಿಗೆ ಮುಗಿಯುತ್ತಿತ್ತು. ಅದು ತಪ್ಪಿದರೆ ಆರು ತಿಂಗಳು ಮನೆಯಲ್ಲಿ ಕೂರಬೇಕು. ಮೂವತ್ತೆರಡರ ಫಾರ್ವರ್ಡ್ ಒಬ್ಬ ಆರು ತಿಂಗಳು ಮೈದಾನಕ್ಕೆ ಇಳಿಯದಿದ್ದರೆ ಮತ್ತೆ ಯಾರೂ ಫೋನ್ ಮಾಡುವುದಿಲ್ಲ. ಅವನ ಆಟದ ಬದುಕು ನನ್ನ ಒಂದು "ಪಕ್ಕಾ" ಎಂಬ ಮಾತಿಗೆ ಸಿಕ್ಕಿ ನಿಂತಿತ್ತು.

ಇಲ್ಲಿ ಅಮೆರಿಕದ ಪದ್ಧತಿ ಸ್ವಲ್ಪ ಹೇಳಬೇಕು. ಅಲ್ಲಿ ಆಟಗಾರ ಒಪ್ಪಂದ ಮಾಡಿಕೊಳ್ಳುವುದು ಕ್ಲಬ್ಬಿನ ಜೊತೆಗಲ್ಲ, ನೇರವಾಗಿ ಲೀಗಿನ ಜೊತೆಗೆ. ದುಡ್ಡಿದ್ದ ಮಾಲೀಕರು ಒಳ್ಳೆಯವರನ್ನೆಲ್ಲ ಬಾಚಿಕೊಳ್ಳಬಾರದೆಂದು ಪ್ರತಿ ತಂಡದ ಸಂಬಳಕ್ಕೂ ಮಿತಿ ಹಾಕಿದ್ದಾರೆ. ಆದರೆ ಮಿತಿಯೊಳಗೇ ಇದ್ದರೆ ದೊಡ್ಡ ಹೆಸರುಗಳು ಅಲ್ಲಿಗೆ ಬರುವುದಿಲ್ಲವಲ್ಲ? ಅದಕ್ಕೊಂದು ಕಿಂಡಿ ಬಿಟ್ಟಿದ್ದಾರೆ: ತಂಡಕ್ಕೆ ಮೂರು ಸ್ಟಾರ್ ಸ್ಥಾನ. ಆ ಮೂವರಿಗೆ ಮಾಲೀಕ ಎಷ್ಟೇ ಸುರಿದರೂ ಮಿತಿಯ ಲೆಕ್ಕಕ್ಕೆ ಹಿಡಿಯುವುದು ನಿಗದಿಯಾದ ಒಂದು ಭಾಗ ಮಾತ್ರ. ನಮ್ಮವನನ್ನು ಕರೆದ ತಂಡದಲ್ಲಿ ಈ ಮೂರೂ ತುಂಬಿದ್ದವು.

ಸ್ಟಾರ್‌ಗಳ ಕೆಳಗೆ ಇನ್ನೊಂದು ಮೆಟ್ಟಿಲು ಇದೆ. ಮಾಮೂಲಿ ಆಟಗಾರನಿಗಿಂತ ಜಾಸ್ತಿ ಕೊಟ್ಟು, ಆ ಜಾಸ್ತಿಯನ್ನು ಲೀಗಿನ ವಿಶೇಷ ನಿಧಿಯಿಂದ ಸರಿದೂಗಿಸಬಹುದು. ಅದಕ್ಕೂ ಒಂದು ಗೆರೆ ಉಂಟು. ಗೆರೆಗಿಂತ ಒಂದು ಡಾಲರ್ ಮೇಲೆ ಹೋದರೂ ಲೀಗ್ ಅವನನ್ನು ಸ್ಟಾರ್ ಎಂದೇ ಎಣಿಸುತ್ತದೆ, ಸ್ಟಾರ್ ಸ್ಥಾನ ಖಾಲಿ ಇಲ್ಲದಿದ್ದರೆ ಬಾಗಿಲು ಬಂದ್. ನಾನು ಎರಡು ತಿಂಗಳು ಕೂತು ಅವನನ್ನು ಆ ಗೆರೆಯ ಕೆಳಗೆ ಕೂರಿಸಿದ್ದೆ. ಹಾಗೆಂದು ತಿಳಿದಿದ್ದೆ.

ತಪ್ಪು ಎಲ್ಲಿತ್ತು ಎಂಬುದು ಕ್ಲಬ್ಬಿನ ಮೇಲ್‌ನ ಎರಡನೆಯ ಪ್ಯಾರಾದಲ್ಲೇ ಗೊತ್ತಾಯಿತು. ಗಲ್ಫಿನಲ್ಲಿ ದುಡಿದ ಯಾರಿಗಾದರೂ ಇದು ತಕ್ಷಣ ಅರ್ಥವಾದೀತು. ಇಲ್ಲಿ ನಮಗೆ ಸಂಬಳ ಎಂದರೆ ಬೇಸಿಕ್. ಮನೆ ಬಾಡಿಗೆ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಟಿಕೆಟ್, ಮಕ್ಕಳ ಶಾಲೆಯ ಫೀಸು ಎಲ್ಲ ಅದರ ಕೆಳಗಿನ ಬೇರೆ ಬೇರೆ ಸಾಲುಗಳು. ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಯಾರಾದರೂ ಹೊಸ ಕೆಲಸದ ಸುದ್ದಿ ಹೇಳಿದರೆ ಶುಭಾಶಯಕ್ಕಿಂತ ಮೊದಲು ನಾವು ಕೇಳುವುದು "ಬೇಸಿಕ್ ಎಷ್ಟು?" ಎಂದು. ಹದಿಮೂರು ವರ್ಷ ಅದೇ ಅಚ್ಚಿನಲ್ಲಿ ಒಪ್ಪಂದ ಬರೆದ ನನ್ನ ಕೈ, ಅಮೆರಿಕದ ಒಪ್ಪಂದವನ್ನೂ ಅದೇ ಅಚ್ಚಿಗೆ ಹೊಯ್ದಿತ್ತು. ಬೇಸಿಕ್ಕನ್ನು ಗೆರೆಯ ಜೊತೆ ಹೋಲಿಸಿ, ಉಳಿದ ಸೌಲಭ್ಯಗಳನ್ನು ಕೊನೆಯ ಪುಟದ ಅನುಬಂಧಕ್ಕೆ ತಳ್ಳಿದ್ದೆ. ಲೀಗಿನವರು ಅನುಬಂಧವನ್ನೂ ಓದಿದರು. ಅವರಲ್ಲಿ ಮನೆ ಬಾಡಿಗೆಯೂ ಸಂಬಳವೇ, ಫೀಸೂ ಸಂಬಳವೇ, ವಿಮಾನದ ಟಿಕೆಟ್ಟೂ ಸಂಬಳವೇ.

ಯಜಮಾನರ ಕೋಣೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಂತ ಮಾರಾಯ್ರೇ ಇದು? ಎಲ್ಲ ಸರಿ ಉಂಟು ಅಂತ ನಿನ್ನೆ ಹೇಳಿದ್ದು ನೀವೇ ಅಲ್ವಾ?"

"ನಾನೇ ಸರ್. ನಂದೇ ತಪ್ಪು."

"ತಪ್ಪು ಯಾರದ್ದಾದ್ರೆ ಎಂತ, ಅವನು ಬೆಳಿಗ್ಗೆ ಸೈನ್ ಹಾಕಿ ಆಯ್ತಲ್ಲ! ಈಗ ವಾಪಸ್ ಹೋಗ್ಲಿಕ್ಕೆ ಜಾಗ ಉಂಟಾ ಅವನಿಗೆ?"

ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ.

ಬುಧವಾರ ಸಂಜೆ ಐದರಿಂದ, ಅಂದರೆ ಅಮೆರಿಕ ಎದ್ದು ಕಾಫಿ ಕುಡಿಯುವ ಹೊತ್ತಿನಿಂದ, ಫೋನಿನಲ್ಲೇ ಕೂತೆ. ಆ ಕಡೆ ಇದ್ದವನು ಕ್ಲಬ್ಬಿನಲ್ಲಿ ಸಂಬಳದ ಮಿತಿಯನ್ನು ನೋಡಿಕೊಳ್ಳುವ ಅಧಿಕಾರಿ. ಸಭ್ಯ ಮನುಷ್ಯ, ಆದರೆ ಒಂದು ಮಾತನ್ನೂ ಹೆಚ್ಚಿಗೆ ಆಡುವವನಲ್ಲ. ಮೂವರು ಸ್ಟಾರ್‌ಗಳಲ್ಲಿ ಒಬ್ಬನನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ ಸ್ಥಾನ ಖಾಲಿ ಮಾಡಬಹುದೇ ಎಂದು ಕೇಳಿದೆ. ಮೂವರ ಸಂಬಳವೂ ಗೆರೆಯಿಂದ ಬಹಳ ಮೇಲಿದೆ, ವಿಶೇಷ ನಿಧಿ ಸಾಲುವುದಿಲ್ಲ ಎಂದ. ಸಹಿಯ ಸಮಯದಲ್ಲಿ ಒಮ್ಮೆ ಕೊಡುವ ಖರ್ಚುಗಳನ್ನು ಲೀಗ್ ಒಪ್ಪಂದದ ವರ್ಷಗಳಿಗೆ ಹಂಚಿ ಲೆಕ್ಕ ಹಿಡಿಯುತ್ತದೆ. ಎರಡು ವರ್ಷದ ಒಪ್ಪಂದವನ್ನು ಮೂರು ಮಾಡಿದರೆ ಪ್ರತಿ ವರ್ಷದ ಪಾಲು ಇಳಿಯುತ್ತದಲ್ಲ ಎಂದೆ. ಅವನು ಮಾಲೀಕರನ್ನು ಕೇಳಿ ಅರ್ಧ ಗಂಟೆಯಲ್ಲಿ ತಿರುಗಿ ಫೋನ್ ಮಾಡಿದ. ಮೂವತ್ತೈದರ ಕಾಲುಗಳಿಗೆ ಖಾತ್ರಿ ಸಂಬಳ ಕೊಡಲು ಮಾಲೀಕರು ತಯಾರಿರಲಿಲ್ಲ.

ಆಗ ಯಜಮಾನರು ತಮ್ಮ ಉಪಾಯ ಹೊರತೆಗೆದರು.

"ನಮ್ಮ ಅತ್ತರಿನ ಅಂಗಡಿಯವ್ರು ಇದ್ದಾರಲ್ಲ, ಅವ್ರ ಜಾಹೀರಾತಿಗೆ ಇವನ ಫೋಟೋ ಹಾಕುವ. ಬಾಡಿಗೆ, ಫೀಸು ಎಲ್ಲ ಅವ್ರ ಕೈಯಿಂದ ಹೋಗ್ಲಿ. ಕ್ಲಬ್ಬಿನವ್ರು ಆಮೇಲೆ ಅವ್ರಿಗೆ ಕೊಟ್ರೆ ಆಯ್ತು. ಲೀಗಿಗೆ ಎಂತ ಗೊತ್ತಾಗ್ತದೆ?"

"ಸಿಕ್ಕಿಬಿದ್ರೆ ಒಪ್ಪಂದಾನೇ ರದ್ದು ಮಾಡ್ತಾರೆ ಸರ್."

"ಕೇಳಿ ನೋಡಿ ಅಂತ ಹೇಳುದು ನಾನು. ಕೇಳಿದ್ರೆ ಜೈಲಿಗೆ ಹಾಕ್ತಾರಾ?"

ಕೇಳಿದೆ. ಹೆಸರು ಹೇಳದೆ, ಒಂದು ವೇಳೆ ಹೀಗಾದರೆ ಎಂದು ಸುತ್ತಿ ಬಳಸಿ ಕೇಳಿದೆ. ಅಮೆರಿಕದ ಅಧಿಕಾರಿ ಎಂದ: "ನೀವು ಈಗ ಕೇಳಿದ್ದು ನನಗೆ ಕೇಳಿಸಲಿಲ್ಲ. ಲೀಗಿನ ಪೂರ್ತಿ ಲೆಕ್ಕದ ಹಾಳೆಯನ್ನು ಕಳಿಸುತ್ತೇನೆ. ಅದರ ಒಳಗೇ ಏನಾದರೂ ದಾರಿ ಇದೆಯೇ ನೋಡಿ." ನಾಚಿಕೆಯಾಯಿತು.

ಹಾಳೆ ಬಂತು. ಬೇಸಿಕ್, ಬಾಡಿಗೆ, ಫೀಸು, ಟಿಕೆಟ್ ಎಲ್ಲ ಇದ್ದವು. ಅವುಗಳ ಕೆಳಗೆ ನಾನು ಎಣಿಸದೇ ಇದ್ದ ಇನ್ನೊಂದು ಸಾಲಿತ್ತು: ಏಜೆಂಟಿಗೆ ಕ್ಲಬ್ ಕೊಡುವ ಕಮಿಷನ್. ನಮ್ಮ ಕಮಿಷನ್. ಅದನ್ನೂ ಎರಡು ವರ್ಷಕ್ಕೆ ಹಂಚಿ ಆಟಗಾರನ ತಲೆಯ ಮೇಲೆ ಹೇರಿದ್ದರು. ಆ ಸಾಲನ್ನು ಅಳಿಸಿ ಕೂಡಿಸಿ ನೋಡಿದೆ. ಅವನು ಗೆರೆಯ ಕೆಳಗೆ ಬಂದ, ಕೂದಲೆಳೆಯಷ್ಟು ಅಂತರದಲ್ಲಿ. ಮತ್ತೊಮ್ಮೆ ಕೂಡಿಸಿದೆ. ಬಂದ.

ಆ ಸಾಲು ಉಳಿಯಬೇಕಾದರೆ ಬಾಡಿಗೆಯೂ ಹೋಗಬೇಕು, ಫೀಸೂ ಹೋಗಬೇಕು. ಹೆಂಡತಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅಮೆರಿಕದ ಅಷ್ಟು ದುಬಾರಿ ಊರಿಗೆ ಹೋಗುವವನಿಗೆ ಅದು ಸಣ್ಣ ವಿಷಯವಲ್ಲ.

ಯಜಮಾನರಿಗೆ ತೋರಿಸಿದೆ. ಅವರು ಹಾಳೆಯನ್ನು ಬಹಳ ಹೊತ್ತು ನೋಡಿ, "ನಾಳೆ ಅವನಿಗೆ ತೋರಿಸುವ ಹಾಳೆಯಲ್ಲಿ ಈ ಸಾಲು ಬೇಡ" ಎಂದರು. "ಬಾಡಿಗೆ, ಫೀಸು ಬಿಡ್ಲಿಕ್ಕೆ ಒಪ್ಪಿಸುವ. ಒಪ್ತಾನೆ ಅವನು. ನಾನು ಹೇಳಿದ್ರೆ ಒಪ್ತಾನೆ."

ಗುರುವಾರ ಬೆಳಗ್ಗೆ ಅವರ ಕಾರಿನಲ್ಲಿ ಅಬುಧಾಬಿಗೆ ಹೊರಟೆವು. ನನ್ನ ಫೈಲಿನಲ್ಲಿ ಎರಡು ಹಾಳೆಗಳಿದ್ದವು, ಅವರು ಹೇಳಿದಂತೆ ಆ ಸಾಲು ತೆಗೆದದ್ದೊಂದು, ಲೀಗಿನ ಪೂರ್ತಿ ಹಾಳೆಯೊಂದು. ಎರಡನೆಯದನ್ನು ಯಾಕೆ ಇಟ್ಟುಕೊಂಡೆ ಎಂದು ಆಗ ಯಾರಾದರೂ ಕೇಳಿದ್ದರೆ ಸುಮ್ಮನೆ ಎನ್ನುತ್ತಿದ್ದೆ. ಜೆಬೆಲ್ ಅಲಿ ದಾಟಿದ ಮೇಲೆ ಯಜಮಾನರು ಕೇಳದಿದ್ದರೂ ಮಾತು ಶುರು ಮಾಡಿದರು.

"ನಿಮಗೆ ನಾನು ಕೆಟ್ಟವ ಅಂತ ಕಾಣ್ತದೆ. ಹನ್ನೊಂದು ವರ್ಷದ ಹಿಂದೆ ಅವನು ದೇರಾದಲ್ಲಿ ಎಂಟು ಜನರ ರೂಮಲ್ಲಿ, ಮೇಲಿನ ಮಂಚದಲ್ಲಿ ಮಲಗ್ತಿದ್ದ. ಗೋಡೌನಲ್ಲಿ ಪೆಟ್ಟಿಗೆ ಹೊರುವ ಕೆಲಸ. ಶುಕ್ರವಾರ ಆಡುದನ್ನು ನೋಡಿ ನಾನು ಬೂಟು ತೆಗೆದು ಕೊಟ್ಟೆ, ಟ್ರಯಲ್ಸಿಗೆ ಕರ್ಕೊಂಡು ಹೋದೆ. ಅವನ ಮದುವೆಗೆ ಅಪ್ಪನ ಜಾಗದಲ್ಲಿ ನಿಂತದ್ದು ಯಾರು? ನಾನು. ಇಷ್ಟು ವರ್ಷದಲ್ಲಿ ದೊಡ್ಡ ಕಮಿಷನ್ ಅಂತ ಬರುದು ಇದೊಂದೇ. ಆಫೀಸಿನ ಬಾಡಿಗೆ, ನಿಮ್ಮ ಸಂಬಳ, ನಿಮ್ಮ ವೀಸಾ ಎಲ್ಲ ಇದ್ರಲ್ಲೇ ಉಂಟು. ತಕ್ಕೊಂಡ್ರೆ ತಪ್ಪಾ?"

ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಸರಿ ಎನ್ನಲೂ ಆಗಲಿಲ್ಲ. ಎಸಿಯ ಗಾಳಿಯನ್ನು ನನ್ನ ಮುಖದಿಂದ ಆಚೆ ತಿರುಗಿಸಿ ಕೂತೆ.

ಅಬುಧಾಬಿಯ ಖಾಲಿದಿಯಾ ಬಡಾವಣೆಯ ಅವನ ಫ್ಲಾಟಿನಲ್ಲಿ ಹಾಲ್ ತುಂಬ ರಟ್ಟಿನ ಪೆಟ್ಟಿಗೆಗಳು. ಸೋಫಾದ ಅರ್ಧ ಭಾಗದ ಮೇಲೆ ಮಡಚಿಟ್ಟ ಪರದೆಗಳು. ಆಟಗಾರ ಕಾಫಿ ಟೇಬಲಿನ ಅಂಚಿನಲ್ಲಿ ಕೂತಿದ್ದ, ಅವನ ಹೆಂಡತಿ ಎದುರಿನ ಕುರ್ಚಿಯಲ್ಲಿ. ಆಕೆ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು, ಕಾಗದ ಓದಲು ಬಲ್ಲವಳು. ಯಜಮಾನರು ವಿಷಯ ತಿಳಿಸಿದರು. ಅವನು ಅವರನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ.

"ಮೊನ್ನೆ ನಾನು ನಿಮ್ಮನ್ನು ಕೇಳಿದೆ," ಎಂದ. "ನೀವು ಪಕ್ಕಾ ಎಂದಿರಿ. ಅದಾದ ಮೇಲೆ ನಾನು ಸಹಿ ಮಾಡಿದ್ದು."

"ಹೌದು. ಲೆಕ್ಕ ತಪ್ಪಿದ್ದು ನನ್ನಿಂದ. ಕ್ಷಮಿಸಿ."

"ಕ್ಷಮೆಯಿಂದ ನನಗೆ ಆಡಲು ಸಿಗುತ್ತದೆಯೇ?"

ಯಜಮಾನರು ಮೊದಲ ಹಾಳೆಯನ್ನು ಅವನ ಹೆಂಡತಿಯ ಕೈಗೆ ಕೊಟ್ಟು, ಬಾಡಿಗೆ ಮತ್ತು ಫೀಸು ಬಿಟ್ಟುಕೊಟ್ಟರೆ ಇವತ್ತೇ ಮುಗಿಸಬಹುದು ಎಂದರು. ಆಕೆ ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಕೊನೆಯವರೆಗೆ ಹೋಗಿ ಮತ್ತೆ ಮೇಲಿನಿಂದ ಓದಿದಳು. ನಂತರ ಯಜಮಾನರನ್ನು ಕೇಳದೆ ನನ್ನನ್ನು ಕೇಳಿದಳು.

"ಲೀಗ್ ಎಣಿಸುವುದೆಲ್ಲ ಇದರಲ್ಲಿ ಇದೆಯೇ? ಬೇರೆ ಏನೂ ಇಲ್ಲವೇ?"

ಎಲ್ಲ ಇದೆ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಕೆಲಸ ಉಳಿಯುತ್ತಿತ್ತು, ಯಜಮಾನರ ಮುಖ ಉಳಿಯುತ್ತಿತ್ತು. ಆದರೆ ಎರಡೇ ದಿನದ ಹಿಂದೆ ಇವರಿಗೆ ಒಂದು ತಪ್ಪು ಮಾತು ಹೇಳಿ ಈ ಗತಿಗೆ ತಂದವಳು ನಾನು. ಅದು ತಿಳಿಯದೆ ಹೇಳಿದ್ದು. ಈಗ ಹೇಳಿದರೆ ಅದು ತಿಳಿದೂ ತಿಳಿದೂ ಹೇಳಿದ ಸುಳ್ಳು.

"ಇನ್ನೊಂದು ಸಾಲು ಇದೆ," ಎಂದು ಎರಡನೆಯ ಹಾಳೆಯನ್ನು ತೆಗೆದು ಟೇಬಲಿನ ಮೇಲಿಟ್ಟೆ. "ನಮ್ಮ ಕಮಿಷನ್. ಅದು ಹೋದರೆ ಬಾಡಿಗೆ, ಫೀಸು ಎರಡೂ ಉಳಿಯುತ್ತವೆ."

ಯಜಮಾನರು ನನ್ನತ್ತ ತಿರುಗಿ, ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಒಂದೇ ಮಾತು ಹೇಳಿದರು. "ನನ್ನನ್ನು ಕೇಳ್ಬಹುದಿತ್ತಲ್ಲ ನೀನು."

ನಾನು ಅವರಲ್ಲಿ ಕೆಲಸಕ್ಕೆ ಸೇರಿದ ಆರು ವರ್ಷದಲ್ಲಿ ಮೊದಲ ಸಲ ನನಗೆ ನೀನು ಎಂದಿದ್ದರು. ಎದ್ದು ಬಾಲ್ಕನಿಯ ಗಾಜಿನ ಬಾಗಿಲು ಸರಿಸಿ ಹೊರಗೆ ಹೋಗಿ ನಿಂತರು. ಆಗಸ್ಟಿನ ಮಧ್ಯಾಹ್ನ ಅಲ್ಲಿ ಎರಡು ನಿಮಿಷ ನಿಲ್ಲುವುದೂ ಕಷ್ಟ. ಅವರು ಕಬ್ಬಿಣದ ಸರಳಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಒಳಗೆ ಗಂಡಹೆಂಡಿರು ತಮ್ಮ ಭಾಷೆಯಲ್ಲಿ ಪಿಸುಮಾತಿನಲ್ಲಿ ಏನೋ ವಾದಿಸುತ್ತಿದ್ದರು. ನನಗೆ ಅಳು ಬರುವಂತಾಗಿತ್ತು. ಅತ್ತರೆ ಅದೊಂದು ನಾಟಕವಾದೀತೆಂದು ಪೆಟ್ಟಿಗೆಗಳನ್ನು ಎಣಿಸಿದೆ.

ಯಜಮಾನರು ಒಳಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಆಟಗಾರನ ಹೆಗಲ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ, "ಮಕ್ಕಳ ಶಾಲೆ ಇರಲಿ" ಎಂದರು. ನನಗೆ, "ಬರೀರಿ. ಕಮಿಷನ್ ಬೇಡ ಅಂತ ಬರೀರಿ. ಯಲ್ಲಾ, ಬೇಗ ಬೇಗ, ಟೈಮ್ ಇಲ್ಲ."

ಟೈಮ್ ನಿಜಕ್ಕೂ ಇರಲಿಲ್ಲ. ಆಟಗಾರ ದೇಶ ಬದಲಿಸುವಾಗ ಇಲ್ಲಿನ ಫುಟ್‌ಬಾಲ್ ಸಂಸ್ಥೆ ಅಲ್ಲಿಗೆ ವರ್ಗಾವಣೆ ಪ್ರಮಾಣಪತ್ರ ಕಳಿಸಬೇಕು. ಅಮೆರಿಕದ ಅಧಿಕಾರಿ ಶುಕ್ರವಾರ ರಾತ್ರಿಯವರೆಗೆ ಪುರುಸೊತ್ತು ಇದೆ ಎಂದುಕೊಂಡಿದ್ದ. ಇಲ್ಲಿ ಶುಕ್ರವಾರ ಅರ್ಧ ದಿನ, ಜುಮಾ ನಮಾಜಿಗೆ ಮೊದಲೇ ಕಚೇರಿ ಮುಚ್ಚುತ್ತದೆ, ಮತ್ತೆ ತೆರೆಯುವುದು ಸೋಮವಾರ ಎಂದಾಗ ಅವನ ಸಭ್ಯತೆ ಸ್ವಲ್ಪ ಅಲುಗಾಡಿತು. ನಮ್ಮ ಶುಕ್ರವಾರದ ಮಧ್ಯಾಹ್ನವೆಂದರೆ ಅವರ ನಸುಕಿನ ನಾಲ್ಕು ಗಂಟೆ. ಹಾಗಾಗಿ ಗುರುವಾರ ಅವರು ಮಲಗುವುದರೊಳಗೆ ಲೀಗ್ ಒಪ್ಪಿ, ಪ್ರಮಾಣಪತ್ರದ ಕೋರಿಕೆ ಕಳಿಸಬೇಕು. ಸಂಜೆ ಆರಕ್ಕೆ ಹೊಸ ಒಪ್ಪಂದ, ಕಮಿಷನ್ ತ್ಯಜಿಸಿದ ಪತ್ರ ಎಲ್ಲ ಕಳಿಸಿದೆ. ಏಜೆಂಟರ ಹೆಸರಿನ ಜಾಗದಲ್ಲಿ ಯಜಮಾನರ ಹೆಸರು, ಕಮಿಷನ್ ಜಾಗದಲ್ಲಿ ಸೊನ್ನೆ.

ಶುಕ್ರವಾರ ಬೆಳಗ್ಗೆ ಏಳಕ್ಕೆ ನೋಡಿದರೆ ಕೋರಿಕೆ ಬಂದಿರಲಿಲ್ಲ. ಅಧಿಕಾರಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹನ್ನೊಂದು, ಆದರೂ ಎಚ್ಚರವಿದ್ದ. ಯಜಮಾನರು ಪ್ರಮಾಣಪತ್ರ ಕೊಡುವ ಕಚೇರಿಯಲ್ಲೇ ಹೋಗಿ ಕೂರುತ್ತೇನೆಂದು ಹೊರಟಿದ್ದರು. ಎಂಟಕ್ಕೆ ಅಧಿಕಾರಿಯೇ ಫೋನ್ ಮಾಡಿದ.

"ಲೀಗಿನ ನೋಂದಣಿಯವರು ಒಂದು ಪ್ರಶ್ನೆ ಎತ್ತಿದ್ದಾರೆ. ಏಜೆಂಟ್ ಇದ್ದಾನೆ, ಕಮಿಷನ್ ಸೊನ್ನೆ. ಹಾಗಿದ್ದರೆ ಅವನಿಗೆ ಬೇರೆ ಎಲ್ಲಿಂದಲೋ ಹಣ ಹೋಗುತ್ತಿದೆ ಎಂಬ ಸಂಶಯ. ವಿಚಾರಣೆಗೆ ಹಾಕಿದರೆ ಮುಂದಿನ ವಾರ ಆಗುತ್ತದೆ. ಏಜೆಂಟ್ ಇಲ್ಲ ಎಂದು ಬರೆದು ಆಟಗಾರ ಸಹಿ ಮಾಡಿದರೆ ಈಗಲೇ ಒಪ್ಪುತ್ತಾರೆ. ಅವರು ಇನ್ನು ಹದಿನೈದು ನಿಮಿಷ ಇರುತ್ತಾರೆ."

ಯಜಮಾನರಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ, ಹೆದ್ದಾರಿಯಲ್ಲಿದ್ದರು, ಗಾಡಿ ಓಡಿಸುವಾಗ ಅವರು ಫೋನ್ ಮುಟ್ಟುವುದಿಲ್ಲ. ಐದು ನಿಮಿಷ ಕಾದೆ. ಆಮೇಲೆ ಅವರ ಹೆಸರನ್ನು ಅಳಿಸಿ 'ಇಲ್ಲ' ಎಂದು ಟೈಪ್ ಮಾಡಿದೆ. ಆಟಗಾರನಿಗೆ ಕಳಿಸಿದೆ. ಯಾವ ಸಾಲು ಬದಲಾಗಿದೆ ಎಂದು ಮೆಸೇಜಿನಲ್ಲಿ ಸ್ಪಷ್ಟವಾಗಿ ಬರೆದೆ. ಎರಡು ನಿಮಿಷದಲ್ಲಿ ಸಹಿಯಾಗಿ ವಾಪಸ್ ಬಂತು.

ಒಂಬತ್ತಕ್ಕೆ ಮುಂಚೆ ಕೋರಿಕೆ ಬಂತು. ಹತ್ತಾಯಿತು, ಹನ್ನೊಂದಾಯಿತು. ಹನ್ನೊಂದೂವರೆಗೆ ನಾನು ಪ್ರಿಂಟರಿನ ಪಕ್ಕದಲ್ಲಿ ನಿಂತೇ ಇದ್ದೆ, ಕೂರುವುದು ಸಾಧ್ಯವಿರಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಯಜಮಾನರ ಮೆಸೇಜ್: "ಖಲಾಸ್, ಕೆಲಸ ಮುಗೀತು. ಸರ್ಟಿಫಿಕೇಟ್ ಅಲ್ಲಿಗೆ ಹೋಯ್ತು." ಅವನ ಆಟ ಉಳಿಯಿತು. ಮುಖ ತೊಳೆದುಕೊಂಡು ಬಂದು ಕುರ್ಚಿಯಲ್ಲಿ ಕೂತೆ.

ನಮಾಜು ಮುಗಿಸಿ, ಊಟ ಮಾಡಿ, ಮಧ್ಯಾಹ್ನ ಮೂರೂವರೆಗೆ ಯಜಮಾನರು ಆಫೀಸಿಗೆ ಬಂದರು. ರಜೆಯ ಹೊತ್ತಾದರೂ ಇಬ್ಬರಿಗೂ ಮನೆಗೆ ಹೋಗಲು ಮನಸ್ಸಿರಲಿಲ್ಲ. ನನ್ನ ಕೆಲಸದ ಬಗ್ಗೆ, ಗುರುವಾರದ ಬಗ್ಗೆ ಏನಾದರೂ ಹೇಳುತ್ತಾರೆಂದು ಕಾದೆ. "ಅವನ ಒಪ್ಪಂದದ ಒಂದು ಪ್ರಿಂಟ್ ಕೊಡಿ ಮೈಸೂರು ಮೇಡಂ, ನೋಡುವ" ಎಂದರು. ಕೊಡುವ ಮೊದಲು, ಬೆಳಗ್ಗೆ ಅವರ ಹೆಸರು ಅಳಿಸಬೇಕಾಗಿ ಬಂದದ್ದನ್ನು ಹೇಳಿದೆ. ಅವರು ತಲೆಯಾಡಿಸಿದರು. ಒಂದೊಂದೇ ಪುಟ ತಿರುವಿದರು. ಕೊನೆಯ ಪುಟದಲ್ಲಿ 'ಏಜೆಂಟ್: ಇಲ್ಲ' ಎಂಬ ಸಾಲಿನ ಹತ್ತಿರ ಕನ್ನಡಕ ಸರಿಮಾಡಿಕೊಂಡರು.

"ಇದನ್ನು ಓದಿಯೇ ಸೈನ್ ಹಾಕಿದನಾ ಅವನು?"

"ಹೂಂ ಸರ್. ನಾನು ಬಿಡಿಸಿ ಬರ್ದಿದ್ದೆ."

"ಎಂತಾದ್ರೂ ಕೇಳಿದನಾ?"

ಕೇಳಿದ ಎಂಬ ಒಂದು ಸಣ್ಣ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ.

"ಇಲ್ಲ ಸರ್. ಏನೂ ಕೇಳ್ಲಿಲ್ಲ."

ಅವರು ಪುಟಗಳನ್ನು ಜೋಡಿಸಿ ಮೇಜಿಗೆ ತಟ್ಟಿ ಸಮ ಮಾಡಿದರು. "ಪಾಪ," ಎಂದರು, "ಗಡಿಬಿಡಿಯಲ್ಲಿ ಇದ್ದಿರ್ಬೇಕು."